ನಂಬ್ಕಿ ಇದ್ರ ಲೆಕ್ಕ ಯಾಕ ಅನ್ನೋರಿಗೆ

"ನಮ್ಮ ನಮ್ಮೊಳಗ ಎಂಥಾ ಲೆಕ್ಕ ಬಿಡ್ರಿ!"

ಅಕ್ಕಾರ, ವೈನ್ಯಾರ, ಈ ಮಾತು ಕೇಳಿದ್ರ ನನಗ ಸಿಟ್ಟು ಬರ್ತೈತಿ. ಇಬ್ಬರು ಹೆಣ್ಮಕ್ಳು ಕೂಡಿ ರೊಟ್ಟಿ, ಹಿಂಡಿ, ಹಪ್ಪಳ, ಶಾಂಡಿಗಿ ಮಾಡಿ ಮಾರಾಕ ನಿಂತ್ರಂದ್ರ ಮೊದಲ ಹೊರಬೀಳೂ ಮಾತು ಇದ. ಕೇಳಾಕ ಭಾಳ ಚಂದ ಇರ್ತೈತಿ. ಆದ್ರ ಕೂಡಿ ಮಾಡೂ ಧಂದೆ ಮುರದದ್ದು ನಾ ಎಷ್ಟು ಕಂಡೀನಿ, ಅವುಗಳೊಳಗ ಹೆಚ್ಚಿನವು ಈ ಚಂದದ ಮಾತಿನಿಂದನ ಮುರದಾವು.

ಹ್ಯಾಂಗ ಅಂತೀರಿ? ಒಬ್ಬಾಕಿ ಸುಗ್ಗಿ ಮುಗಿಯೂದ್ರಾಗ ರೊಕ್ಕ ಹಾಕಿ ವರ್ಷದ ಜ್ವಾಳ ತುಂಬಸ್ತಾಳ. ಇನ್ನೊಬ್ಬಾಕಿ ತನ್ನ ಅಡಿಗಿಮನಿ, ತನ್ನ ಗ್ಯಾಸು ಕೊಟ್ಟು, ಉರಿಯೂ ಹಂಚಿನ ಮುಂದ ಕುಂತು ದಿನಾ ನೂರು ರೊಟ್ಟಿ ಬಡೀತಾಳ. ವರ್ಷದ ಕಡೀಕ ಮೊದಲನಾಕಿ "ರೊಕ್ಕ ನಂದು" ಅಂತಾಳ, ಎರಡನೇದಾಕಿ "ರಟ್ಟಿ ನಂದು" ಅಂತಾಳ. ಇಬ್ಬರದೂ ಖರೇನ. ಬಾಯಾಗ ಲೆಕ್ಕ ಇಲ್ಲ ಅಂದ್ರ ಮನಸ್ಸಿನ್ಯಾಗೂ ಇಲ್ಲಂತ ತಿಳೀಬ್ಯಾಡ್ರಿ. ಮನಸ್ಸಿನ್ಯಾಗ ಎರಡು ವಹಿ ಇರ್ತಾವು, ಒಂದಕ್ಕೊಂದು ತಾಳ ಆಗೂದಿಲ್ಲ.

ನಮ್ಮ ಬಳಗದಾಗ ಇಬ್ಬರು ನೆಗೆಣ್ಯಾರು ಮಸಾಲಿ ಖಾರ ಮಾಡಿ ಮಾರತಿದ್ರು. ಖಾರಕ್ಕ ಏನೂ ಕಡಿಮಿ ಇರಲಿಲ್ಲ, ಗಿರಾಕಿನೂ ಇದ್ರು. ಈಗ ಮದುವಿ ಮನ್ಯಾಗ ಒಬ್ಬಾಕಿ ಕುಂತ ಪಂಕ್ತ್ಯಾಗ ಇನ್ನೊಬ್ಬಾಕಿ ಕುಂದರೂದಿಲ್ಲ. ಯಾರೂ ಯಾರದೂ ತಿಂದಿಲ್ಲ. ಯಾರು ಎಷ್ಟು ಹಾಕಿದ್ರು, ಯಾರು ಎಷ್ಟು ದುಡದ್ರು ಅನ್ನೂದು ಬರದಿರಲಿಲ್ಲ, ಅಷ್ಟ.

ಇನ್ನ ಕಾಯ್ದೆ ಏನು ಹೇಳ್ತೈತಿ ಕೇಳ್ರಿ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಅಂತ ಐತಿ. ನಿಮ್ಮ ನಿಮ್ಮೊಳಗ ಬ್ಯಾರೆ ಕರಾರು ಇರದಿದ್ರ ಅದರ 13ನೇ ಕಲಮಿನ ಪ್ರಕಾರ ಲಾಭ ಸಮಪಾಲು, ನಷ್ಟನೂ ಸಮಪಾಲು. ದುಡದಾಕಿಗೆ ದುಡದದ್ದಕ್ಕಂತ ಬ್ಯಾರೆ ಪಗಾರ ಇಲ್ಲ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಿಗಿ ರೊಕ್ಕ ಹಾಕಿದಾಕಿಗೆ ಮಾತ್ರ ವರ್ಷಕ್ಕ ನೂರಕ್ಕ 6ರಂಗ ಬಡ್ಡಿ. ಅಂದ್ರ, ನೀವು ಮಾತಾಡದ ಬಿಟ್ರ ರೊಕ್ಕಕ್ಕ ಬಡ್ಡಿ ಸಿಗಬಹುದು, ರಟ್ಟಿಗೆ ಕೂಲಿ ಸಿಗೂದಿಲ್ಲ! ಬಾಯಿಮಾತಿನ ಕರಾರೂ ಕರಾರ ಖರೆ, ಆದ್ರ ಜಗಳ ಆದ ದಿನ ಅದನ್ನ ಸಾಬೀತು ಮಾಡಾಕ ಯಾರನ್ನ ಕರೀತೀರಿ? ಇನ್ನೊಂದು ಮಾತು, ಧಂದೆ ಸಲುವಾಗಿ ಒಬ್ಬಾಕಿ ಮಾಡಿದ ಸಾಲ ಇಬ್ಬರ ಕೊಳ್ಳಿಗೂ ಬೀಳ್ತೈತಿ.

"ಹೆಣ್ಮಕ್ಳ ಸಣ್ಣ ಧಂದೆಕ್ಕ ಇಷ್ಟೆಲ್ಲಾ ಬೇಕೇನು?" ಅಂತೀರಿ. ಲಿಜ್ಜತ್ ಹಪ್ಪಳ ನೋಡ್ರಿ. 1959ರ ಮಾರ್ಚ್ 15ಕ್ಕ ಮುಂಬೈ ಗಿರಗಾಂವದಾಗ 7 ಮಂದಿ ಹೆಣ್ಮಕ್ಳು 80 ರೂಪಾಯಿ ಸಾಲ ತಂದು ಮಾಳಿಗಿ ಮ್ಯಾಲೆ ಹಪ್ಪಳ ಲಟ್ಟಿಸಾಕ ಕುಂತ್ರು. ಅವರಿಗೆ ದಾರಿ ತೋರಿಸಿದ ಹಿರಿಯರು ಲೆಕ್ಕ ಸರಿಯಾಗಿ ಇಡ್ರಿ ಅಂತ ಮೊದಲ ಹೇಳಿದ್ರು. ಅಲ್ಲಿ ಲಟ್ಟಿಸಿದಾಕಿಗೆ ಲಟ್ಟಿಸಿದಷ್ಟು ಕೂಲಿ ಬ್ಯಾರೆ, ಲಾಭದಾಗ ಪಾಲು ಬ್ಯಾರೆ. ಒಬ್ಬರನ್ನೊಬ್ಬರು ಅಕ್ಕ-ತಂಗಿ ಅಂತನ ಕರೀತಾರ, ಲೆಕ್ಕಾನೂ ಇಡ್ತಾರ. ಇವತ್ತು ಸಾವಿರಗಟ್ಟಲೆ ಹೆಣ್ಮಕ್ಳು ಅದರ ಒಡತೇರು.

ದೂರದ್ದು ಬಿಡ್ರಿ, ನಮ್ಮ ಮನೀದ ನೋಡೂಣು. ಹಾಲಿನ ಲೆಕ್ಕ ಕ್ಯಾಲೆಂಡರ್ ಮ್ಯಾಲೆ ಬರೀತೀರಿ. ಹಾಲು ಹಾಕಾಕಿ ಕಳ್ಳಿ ಅಂತೇನು? ಸಂಘದಾಗ ವಾರದ ಉಳಿತಾಯ ಕಟ್ಟಿದ್ರ ಪುಸ್ತಕದಾಗ ಬರಸಕೊಂಡ ಮ್ಯಾಲೇನ ಏಳ್ತೀರಿ. ಮದುವ್ಯಾಗ ಆಯೇರಿ ಬರಕೊಳ್ಳಾಕ ಒಬ್ಬರನ್ನ ವಹಿ ಕೊಟ್ಟು ಕುಂದರಸ್ತೀವಿ. ಯಾಕ? ತಿರುಗಿ ಕೊಡೂ ಮುಂದ ಕಡಿಮಿ ಆಗಬಾರದು, ಸಂಬಂಧ ಉಳೀಬೇಕು ಅಂತ. ಬೀಗರ ಜೋಡಿ ಸಂಬಂಧ ಉಳಸೂ ವಹಿ, ಗೆಳತಿ ಜೋಡಿ ಸಂಬಂಧ ಕೆಡಸ್ತೈತೇನು?

ನಾನೂ ಮಗ್ಗಲ ಮನಿ ವೈನಿನೂ ಕೂಡಿ ರೊಟ್ಟಿ-ಹಿಂಡಿ ಮಾಡಾಕ ಹತ್ತಿ 9 ವರ್ಷ ಆತು. ನಮ್ಮದು ನಾಕ ನೇಮ. ಮಾಡಿದಾಕಿಗೆ ಡಜನ್ ಲೆಕ್ಕದಾಗ ಕೂಲಿ ಮೊದಲು, ಜ್ವಾಳ, ಗಿರಣಿ, ಗ್ಯಾಸು, ಚೀಲದ ಖರ್ಚು ಆಮ್ಯಾಲೆ, ಉಳದದ್ದು ಅರ್ಧರ್ಧ. ಮನಿಗೆ ಒಯ್ದ ರೊಟ್ಟಿನೂ ಉದ್ರಿ ಅಂತ ಬರೀಬೇಕು, ಅತ್ತಿ ಊರಿಂದ ಬಂದಿದ್ರೂ ಸೈ. ಬ್ಯಾಂಕಿನ್ಯಾಗ ಖಾತೆ ಬ್ಯಾರೆ, ಇಬ್ಬರ ಸಹಿ ಇಲ್ಲದ ರೊಕ್ಕ ಹೊರಗ ಬರೂದಿಲ್ಲ. ಒಬ್ಬಾಕಿ ಬಿಡತೀನಿ ಅಂದ್ರ ಮೂರು ತಿಂಗಳು ಮೊದಲ ಹೇಳಬೇಕು, ಆಕಿ ಬಂಡವಾಳ ಎಷ್ಟು ಕಂತಿನ್ಯಾಗ ತಿರುಗಿ ಕೊಡೂದು ಅನ್ನೂದೂ ಬರದೈತಿ. ಇದನ್ನ ಮಾತಾಡಿ ಬರದದ್ದು ಮೊದಲನೇ ವರ್ಷ, ಇಬ್ಬರೂ ನಕ್ಕೋತ ಇದ್ದಾಗ. ಜಗಳ ಆದ ಮ್ಯಾಲೆ ಬರಿಯಾಕ ಕುಂತ್ರ ಪೆನ್ನಿನ್ಯಾಗ ಶಾಯಿ ಅಲ್ಲ, ವಿಷ ಇರ್ತೈತಿ.

ಕಡೀ ಮಾತು ಮನಿ ಗಂಡಸರ ಬಗ್ಗೆ. "ನೀವು ಬಡೀರಿ, ಲೆಕ್ಕ ನಾವು ನೋಡ್ಕೋತೀವಿ" ಅಂತಾರ. ಪ್ರೀತಿಲೆನ ಅಂತಾರ, ಇಲ್ಲನ್ನೂದಿಲ್ಲ. ಆದ್ರ ಇಬ್ಬರು ಹೆಣ್ಮಕ್ಳ ಧಂದೆ ಇಬ್ಬರು ಗಂಡಸರ ಜಗಳ ಆಗೂದು ಅಲ್ಲಿಂದನ. ಕೂಡಸೂದು ಕಳಿಯೂದು ನಮಗ ಬರ್ತೈತಿ. ಬರದಿದ್ರ ಸಾಲಿಗೆ ಹೋಗೂ ಮಗಳ ಕಡೆ ಕೂಡಸ್ರಿ, ಆಕಿಗೂ ಧಂದೆ ತಿಳೀತೈತಿ.

ನಂಬ್ಕಿ ಇಲ್ಲದಾಕಿ ಜೋಡಿ ಲೆಕ್ಕ ಇಟ್ಟೂ ಧಂದೆ ಮಾಡಾಕ ಆಗೂದಿಲ್ಲ, ಅದು ಬ್ಯಾರೆ ಮಾತು. ನಂಬ್ಕಿ ಇದ್ದಾಕಿ ಜೋಡಿ ಮಾತ್ರ ಲೆಕ್ಕ ಇಡಬೇಕು, ಯಾಕಂದ್ರ ಕಳಕೊಳ್ಳಾಕ ಏನರ ಇರೂದು ಆಕಿ ಜೋಡಿನ. ಎರಡು ನೂರು ಪಾನಿನ ಒಂದು ವಹಿ ತರ್ರಿ. ಮೊದಲನೇ ಪಾನಿನ್ಯಾಗ ಇಬ್ಬರ ಹೆಸರೂ ಬರೀರಿ, ಕೆಳಗ ಯಾರು ಏನು ಹಾಕಿದ್ರಿ ಅದನ್ನ ಬರೀರಿ. ಆಮ್ಯಾಲೆ ಒಲಿ ಹಚ್ಚರಿ.