ಒಬ್ಬನೇ ಬಂದವನಿಗೆ ಎಲೆಯಿಲ್ಲವೆ?

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಎಂಬುದೊಂದು ಸಣ್ಣ ಊರು. ಹಳೆಯ ವಿಶ್ವವಿದ್ಯಾನಿಲಯವೊಂದು, ಪಾಳುಬಿದ್ದ ದೊಡ್ಡ ಚರ್ಚೊಂದು, ಆಚೆಗೆ ಸಮುದ್ರ. ಊರಿಗೂ ಸಮುದ್ರಕ್ಕೂ ನಡುವೆ ಉಸುಕಿನ ದಿಬ್ಬಗಳ ಮೇಲೆ ತಾನಾಗಿ ಬೆಳೆದ ಹುಲ್ಲುಬಯಲು. ಆ ಬಯಲಿನಲ್ಲಿ ಜನ ಗಾಲ್ಫ್ ಆಡುತ್ತ ಬಂದು ಸುಮಾರು ಐನೂರು ವರ್ಷಗಳಾದುವು. ಜಗತ್ತಿನ ಗಾಲ್ಫ್ ಆಟಗಾರರಿಗೆಲ್ಲ ಅದೇ ಕಾಶಿ. ನಮ್ಮ ಕಾಶಿಗೆ ಒಬ್ಬನೇ ಹೋದರೆ ಗಂಗೆ ಬೇಡವೆನ್ನುವುದಿಲ್ಲ. ಸೇಂಟ್ ಆಂಡ್ರೂಸಿನ ‘ಓಲ್ಡ್ ಕೋರ್ಸ್’ ಮಾತ್ರ ಒಬ್ಬನೇ ಬಂದ ಯಾತ್ರಿಕನನ್ನು ಮೊದಲು ಕೇಳುವ ಪ್ರಶ್ನೆ, ನಿನ್ನ ಜೊತೆಗಾರನೆಲ್ಲಿ ಎಂಬುದು.

ನಮ್ಮಲ್ಲಿ ಹಲವರಿಗೆ ಗಾಲ್ಫ್ ಎಂದರೆ ಬೇಲಿಯಾಚೆ ಕಾಣುವ ಹಸಿರು. ೧೮೭೬ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಪಕ್ಕದಲ್ಲಿ ಬಸ್ಸಿನಲ್ಲಿ ಹಾದುಹೋಗುವಾಗ ಕತ್ತು ಹೊರಳಿಸಿ ನೋಡಿದ್ದಷ್ಟೇ ನಮ್ಮ ಪರಿಚಯ. ದೊಡ್ಡವರ ಆಟ, ಅದರ ಗೊಡವೆ ನಮಗೇಕೆ ಎಂದು ಓದುಗರು ಕೇಳಬಹುದು. ಗೊಡವೆಗೆ ಕಾರಣವುಂಟು. ಸೇಂಟ್ ಆಂಡ್ರೂಸಿನ ಬಯಲು ದೊಡ್ಡವರ ಕ್ಲಬ್ಬಿನ ಸೊತ್ತಲ್ಲ, ಊರಿನ ಸೊತ್ತು. ಮೊದಲ ಹೊಡೆತದ ಜಾಗದ ಹಿಂದೆಯೇ ಗಂಭೀರವಾಗಿ ನಿಂತಿರುವ ಕಲ್ಲಿನ ಕಟ್ಟಡವನ್ನು ಚಿತ್ರಗಳಲ್ಲಿ ಕಂಡವರು, ೧೭೫೪ರಲ್ಲಿ ಹುಟ್ಟಿದ ಆ ಕ್ಲಬ್ಬೇ ಬಯಲಿನ ಒಡೆಯನೆಂದು ಭಾವಿಸುವುದುಂಟು. ಅದು ತಪ್ಪು. ಆ ಕಟ್ಟಡ ಕ್ಲಬ್ಬಿನದು, ಅದರ ಮುಂದಿನ ಹುಲ್ಲು ಸಾರ್ವಜನಿಕರದು.

ಈ ಹಕ್ಕು ಸುಮ್ಮನೆ ಬಂದುದಲ್ಲ. ೧೫೫೨ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಆ ಬಯಲಿನಲ್ಲಿ ಮೊಲ ಸಾಕುವ ವಿಚಾರವಾಗಿ ಬರೆಸಿದ ಪತ್ರದಲ್ಲಿಯೇ, ಊರ ಜನಕ್ಕೆ ಅಲ್ಲಿ ಗಾಲ್ಫ್ ಆಡುವ ಹಕ್ಕುಂಟೆಂದು ಒಪ್ಪಿಕೊಂಡಿದ್ದಾನೆ. ಎರಡೂವರೆ ಶತಮಾನದ ಮೇಲೆ ಅದೇ ಮೊಲಗಳು ಸೇಡು ತೀರಿಸಿಕೊಂಡುವು! ಸಾಲದಲ್ಲಿ ಮುಳುಗಿದ ಪುರಸಭೆ ೧೭೯೭ರಲ್ಲಿ ಬಯಲನ್ನು ಕೈಬಿಟ್ಟಿತು. ಅದು ಮೊಲದ ವ್ಯಾಪಾರಿಗಳ ಪಾಲಾಯಿತು. ಆಟದ ನೆಲದ ತುಂಬ ಬಿಲ. ಆಟಗಾರರಿಗೂ ವ್ಯಾಪಾರಿಗಳಿಗೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜಗಳ, ವ್ಯಾಜ್ಯ. ೧೮೨೧ರಲ್ಲಿ ನೆರೆಯ ಜಮೀನುದಾರ ಜೇಮ್ಸ್ ಚೀಪ್ ಎಂಬಾತ ಬಯಲನ್ನು ಕೊಂಡುಕೊಂಡು ಆಟವನ್ನು ಉಳಿಸಿದ. ೧೮೯೪ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಬಲದಿಂದ ಊರು ಅದನ್ನು ಮತ್ತೆ ತನ್ನದಾಗಿಸಿಕೊಂಡಿತು. ೧೯೭೪ರ ಇನ್ನೊಂದು ಕಾಯಿದೆ ಬಯಲಿನ ಆಡಳಿತವನ್ನು ಒಂದು ಟ್ರಸ್ಟಿಗೆ ವಹಿಸಿತು. ಭಾನುವಾರಗಳಂದು, ದೊಡ್ಡ ಪಂದ್ಯಗಳ ದಿನಗಳನ್ನು ಬಿಟ್ಟರೆ, ಅಲ್ಲಿ ಆಟವೇ ಇಲ್ಲ. ಊರಿನ ಮಕ್ಕಳು, ಮುದುಕರು, ನಾಯಿಗಳು ಎಲ್ಲ ಅಲ್ಲಿ ಗಾಳಿ ಸೇವನೆಗೆ ಬರುತ್ತಾರೆ. ಓಪನ್ ಚಾಂಪಿಯನ್‌ಷಿಪ್ಪು ೨೦೨೨ರ ವರೆಗೆ ಮೂವತ್ತು ಸಲ ನಡೆದ ನೆಲದ ಮೇಲೆ ಮಗುವೊಂದು ಚೆಂಡಾಡಬಹುದು. ಇಂಥ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ತಲೆಬಾಗಿದ ಮೇಲೆಯೇ ಜಗಳಕ್ಕೆ ನಿಲ್ಲುತ್ತೇನೆ.

ಗಾಲ್ಫಿನಲ್ಲಿ ಆಟ ಪ್ರಾರಂಭಿಸುವ ಜಾಗಕ್ಕೆ ಟೀ ಎನ್ನುತ್ತಾರೆ (ನಮ್ಮ ಹೋಟೆಲಿನ ಟೀಗೂ ಇದಕ್ಕೂ ಸಂಬಂಧವಿಲ್ಲ). ಆಟಗಾರರ ಒಂದೊಂದು ತಂಡಕ್ಕೂ ಅಲ್ಲಿಂದ ಹೊರಡಲು ಗೊತ್ತಾದ ವೇಳೆಯುಂಟು. ಅದೇ ಟೀ ಟೈಮ್. ಒಂದು ತಂಡದಲ್ಲಿ ನಾಲ್ವರಿಗಿಂತ ಹೆಚ್ಚಿಲ್ಲ. ಓಲ್ಡ್ ಕೋರ್ಸಿನಲ್ಲಿ ಈ ವೇಳೆಗಾಗಿ ಜಗತ್ತೇ ಹಾತೊರೆಯುತ್ತದೆ. ಆದ್ದರಿಂದ ದಿನದ ಒಂದಷ್ಟು ವೇಳೆಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಆಡಬೇಕಾದ ದಿನಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ ೨ ಗಂಟೆಯೊಳಗೆ, ಹೆಸರು ಕೊಡಬೇಕು. ಸಂಜೆಗೆ ಅದೃಷ್ಟವಂತರ ಪಟ್ಟಿ ಹೊರಬೀಳುತ್ತದೆ. ಹೆಸರು ಕೊಡಲು ಊರಿನಲ್ಲಿರಬೇಕಾದ ಅಗತ್ಯವಿಲ್ಲ. ಲಂಡನ್ನಿನಲ್ಲಿ ಕುಳಿತೇ ಕೊಡಬಹುದು. ದೊರೆಗೂ ದರ್ಜಿಗೂ ಅದೇ ಚೀಟಿ. ಇದಕ್ಕಿಂತ ನ್ಯಾಯವಾದ ಏರ್ಪಾಡು ಉಂಟೆ?

ಉಂಟು. ಯಾಕೆಂದರೆ ಆ ಚೀಟಿಯಲ್ಲಿ ಕನಿಷ್ಠ ಎರಡು ಹೆಸರಿರಬೇಕು. ಒಂದೇ ಹೆಸರಿನ ಚೀಟಿ ಚೀಟಿಯೇ ಅಲ್ಲ. ವರ್ಷ ಮೊದಲೇ ವೇಳೆ ಗೊತ್ತುಮಾಡಿಕೊಳ್ಳುವ ಅರ್ಜಿಗೂ ಇದೇ ಕಟ್ಟಳೆ.

ಹಾಗಾದರೆ ಒಂಟಿಯಾಗಿ ಬಂದವನ ಗತಿ? ಬಹುಕಾಲ ಅವನಿಗಿದ್ದ ದಾರಿ ಒಂದೇ: ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವುದು. ಮೊದಲ ಟೀಯ ಬಳಿಯಿರುವ ಪೆವಿಲಿಯನ್ನಿನ ಮುಂದೆ ಅರ್ಧರಾತ್ರಿಗೂ ಮುಂಚೆಯೇ ಜನ ಸೇರುತ್ತಿದ್ದರು. ಕಂಬಳಿ ಹೊದ್ದವರು, ಮಡಿಸುವ ಕುರ್ಚಿ ತಂದವರು, ಫ್ಲಾಸ್ಕಿನಲ್ಲಿ ಕಾಫಿ ತಂದವರು. ಉತ್ತರ ಸಮುದ್ರದ ಗಾಳಿ ಬೇಸಿಗೆಯಲ್ಲಿಯೂ ಮೂಳೆಗಿಳಿಯುವಂಥದು. ಬೆಳಗಿನ ಜಾವ ಬಾಗಿಲು ತೆರೆದು, ಇಬ್ಬರೋ ಮೂವರೋ ಇದ್ದ ತಂಡಗಳಲ್ಲಿ ತೆರಪಿದ್ದರೆ, ಸಾಲಿನ ಸರದಿಯಂತೆ ಒಬ್ಬೊಬ್ಬರನ್ನು ಸೇರಿಸುತ್ತಿದ್ದರು. ತೆರಪಿಲ್ಲದಿದ್ದರೆ ಕಂಬಳಿ ಮಡಿಸಿಕೊಂಡು ಹೊರಡುವುದು. ೨೦೨೪ರಲ್ಲಿ ಟ್ರಸ್ಟು ಈ ಸಾಲನ್ನು ನಿಲ್ಲಿಸಿ ಒಂಟಿ ಆಟಗಾರರಿಗಾಗಿಯೇ ಪ್ರತ್ಯೇಕವಾದ ಚೀಟಿಯನ್ನು ತಂದಿತು. ಆಡುವ ಹಿಂದಿನ ದಿನ ಊರಿಗೆ ಖುದ್ದಾಗಿ ಹೋಗಿ ಹೆಸರು ಬರೆಸಬೇಕು. ಯಂತ್ರ ಹೆಸರುಗಳನ್ನು ಎತ್ತುತ್ತದೆ. ಮಾರನೆಯ ದಿನದ ತೆರಪುಗಳು ಅವರಿಗೆ.

ಹಳೆಯ ಸಾಲು ಹೋಯಿತೆಂದು ಕಣ್ಣೀರಿಡುವವರು ಕೆಲವರಿದ್ದಾರೆ. ಆ ರಾತ್ರಿಯ ಗೆಳೆತನವೇನು, ನಕ್ಷತ್ರಗಳೇನು, ನಿಂತವನಿಗೆ ನ್ಯಾಯ ಸಿಗುತ್ತಿತ್ತು, ಯಂತ್ರಕ್ಕೆ ಏನು ಗೊತ್ತು, ಎಂದು ಅವರ ಪ್ರಲಾಪ. ನನಗೆ ಈ ಹಾಡು ಹಿಡಿಸುವುದಿಲ್ಲ. ಗಟ್ಟಿ ಬೆನ್ನುಳ್ಳ ಇಪ್ಪತ್ತೈದರ ಹುಡುಗನಿಗೆ ಒಂದು ರಾತ್ರಿಯ ಚಳಿ ಸಾಹಸ. ಎಪ್ಪತ್ತರ ವಿಧುರನಿಗೆ ಅದು ನ್ಯುಮೋನಿಯ. ಒಬ್ಬಂಟಿ ಹೆಂಗಸು ಅಪರಿಚಿತ ಊರಿನ ಕಡಲ ತಡಿಯಲ್ಲಿ ರಾತ್ರಿ ಕಳೆಯಬೇಕೆಂಬುದು ಯಾವ ನ್ಯಾಯ? ರೇಷನ್ ಅಂಗಡಿಯ ಮುಂದೆ, ರೈಲ್ವೆ ಟಿಕೆಟ್ಟಿನ ಕಿಂಡಿಯ ಮುಂದೆ, ಮಕ್ಕಳ ಶಾಲೆಯ ಅರ್ಜಿಗಾಗಿ ಗೇಟಿನ ಮುಂದೆ ನಿಂತು ನಿಂತು ಕಾಲು ಸೋತ ನಮಗೆ ಸಾಲಿನ ಸೌಂದರ್ಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಸಾಲನ್ನು ತೆಗೆದದ್ದು ಒಳ್ಳೆಯದೇ ಆಯಿತು.

ನನ್ನ ತಕರಾರು ಬೇರೆ. ಸಾಲು ಹೋಯಿತು, ಆದರೆ ಸಾಲನ್ನು ಹುಟ್ಟಿಸಿದ ಭೇದ ಹೋಗಲಿಲ್ಲ. ಇಬ್ಬರಿಗೆ ಒಂದು ಪಂಕ್ತಿ, ಒಬ್ಬನಿಗೆ ಆ ಪಂಕ್ತಿಯವರು ಬಿಟ್ಟ ಎಲೆ. ಇಬ್ಬರು ಎರಡು ದಿನ ಮುಂಚೆ ಮನೆಯಲ್ಲಿ ಕುಳಿತು ಹೆಸರು ಕೊಡುತ್ತಾರೆ; ಒಬ್ಬ ಹಿಂದಿನ ದಿನವೇ ಊರಿಗೆ ಹೋಗಬೇಕು. ಹುಬ್ಬಳ್ಳಿಯ ಹುಡುಗನೊಬ್ಬ ಎಡಿನ್‌ಬರೋದಲ್ಲಿ ಕೆಲಸಕ್ಕಿದ್ದಾನೆ, ಅವನ ಗೆಳೆಯರಲ್ಲಿ ಯಾರೂ ಗಾಲ್ಫ್ ಕೋಲನ್ನು ಮುಟ್ಟಿದವರಲ್ಲ ಎಂದಿಟ್ಟುಕೊಳ್ಳಿ. ಸೇಂಟ್ ಆಂಡ್ರೂಸಿಗೆ ರೈಲಿಲ್ಲ. ಇದ್ದ ನಿಲ್ದಾಣವನ್ನು ೧೯೬೯ರಲ್ಲಿ ಮುಚ್ಚಿದರು. ಲೂಕರ್ಸ್ ಎಂಬಲ್ಲಿ ಇಳಿದು ಬಸ್ಸು ಹಿಡಿಯಬೇಕು. ಹೆಸರು ಬರೆಸಲು ಒಂದು ದಿನದ ರಜ, ಅದೃಷ್ಟವಿದ್ದರೆ ಆಡಲು ಇನ್ನೊಂದು ದಿನದ ರಜ, ನಡುವೆ ಒಂದು ರಾತ್ರಿಯ ಹೋಟೆಲು ಇಲ್ಲವೆ ಎರಡು ಸಲದ ಓಡಾಟ. ಆಟದ ಶುಲ್ಕವೇ ೨೦೨೪ರ ಬೇಸಿಗೆಯಲ್ಲಿ ೩೨೦ ಪೌಂಡು, ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೇಲು. ಅದರ ಮೇಲೆ ಇದು ಒಂಟಿತನದ ತೆರಿಗೆ. ಹಣದ ಚೀಲ ದೊಡ್ಡದಿದ್ದವರಿಗೆ ಈ ಪಾಡಿಲ್ಲವೆಂಬುದನ್ನೂ ಹೇಳಿಬಿಡಬೇಕು. ಹೋಟೆಲು, ಊಟ, ಖಚಿತವಾದ ವೇಳೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ವ್ಯಾಪಾರ ಅಲ್ಲಿ ಅಧಿಕೃತವಾಗಿಯೇ ನಡೆಯುತ್ತದೆ.

ಕಟ್ಟಳೆಯ ಪರವಾಗಿ ಹೇಳುವವರದು ಗಣಿತದ ವಾದ. ಬೇಸಿಗೆಯ ದಿನ ಎಷ್ಟು ದೊಡ್ಡದಾದರೂ ಅದರಲ್ಲಿ ಹಿಡಿಸುವ ತಂಡಗಳು ಇಷ್ಟೇ. ಒಬ್ಬೊಬ್ಬನಿಗೆ ಒಂದೊಂದು ವೇಳೆ ಕೊಟ್ಟರೆ ಮೂರು ಮೂರು ಜಾಗ ಹಾಳು, ಎನ್ನುತ್ತಾರೆ. ಆದರೆ ಒಂಟಿ ಆಟಗಾರ ಇಡೀ ಬಯಲನ್ನು ತನಗೊಬ್ಬನಿಗೇ ಬಿಟ್ಟುಕೊಡಿ ಎಂದು ಎಂದು ಕೇಳಿದ? ಅವನು ಕೇಳುವುದು ಒಂದು ಎಲೆಯನ್ನು ಮಾತ್ರ. ನಮ್ಮ ಮದುವೆ ಮನೆಗಳಲ್ಲಿ ಒಬ್ಬನೇ ಬಂದ ನೆಂಟನನ್ನು, ಹೋಗಿ ಇನ್ನೊಬ್ಬನನ್ನು ಕರೆದುಕೊಂಡು ಬಾ, ಆಮೇಲೆ ಬಡಿಸುತ್ತೇವೆ ಎಂದು ಹಿಂದಕ್ಕಟ್ಟಿದ್ದುಂಟೆ? ಪಂಕ್ತಿ ನೋಡಿಕೊಳ್ಳುವ ಯಜಮಾನರು ಕಣ್ಣಾಡಿಸಿ, “ಅಲ್ಲೊಂದೆಲೆ ಖಾಲಿಯಿದೆ, ಕೂತ್ಕೊಳ್ಳಿ ರಾಯರೆ” ಎನ್ನುತ್ತಾರೆ. ನಾಲ್ವರು ಒಂಟಿಗರು ಬಂದರೆ ಅವರೇ ನಾಲ್ಕು ಎಲೆ ತುಂಬುತ್ತಾರೆ. ಚೀಟಿ ಎತ್ತುವ ಯಂತ್ರಕ್ಕೆ ಇದು ಕಷ್ಟದ ಕೆಲಸವೆ? ಒಂದನ್ನೂ ಮೂರನ್ನೂ ಕೂಡಿದರೆ ನಾಲ್ಕೆಂದು ಅದಕ್ಕೆ ಹೇಳಿಕೊಡಬೇಕೆ?

ಇನ್ನೂ ಒಂದು ವಿಚಿತ್ರವನ್ನು ನೋಡಿ. ಒಂಟಿಯಾಗಿ ಬಂದ ಇಬ್ಬರು ಅಪರಿಚಿತರು ಸಂಜೆ ಹೋಟೆಲಿನ ಮೇಜಿನಲ್ಲಿ ಒಬ್ಬರನ್ನೊಬ್ಬರು ಕಂಡು, ಹೆಸರು ಕೇಳಿಕೊಂಡು, ಅರ್ಜಿಗೆ ಎರಡೂ ಹೆಸರು ಬರೆದರೆ ಅದು ಊರ್ಜಿತ. ಆ ಕ್ಷಣಕ್ಕೆ ಅವರು ಜೋಡಿ. ಅದೇ ಇಬ್ಬರು ಬೇರೆ ಬೇರೆ ಮೇಜಿನಲ್ಲಿ ಕುಳಿತಿದ್ದರೆ ಇಬ್ಬರೂ ಸೊನ್ನೆ. ಹಾಗಾದರೆ ಈ ಕಟ್ಟಳೆ ಅಳೆಯುತ್ತಿರುವುದು ಆಟದ ಯೋಗ್ಯತೆಯನ್ನೂ ಅಲ್ಲ, ಜಾಗದ ಉಳಿತಾಯವನ್ನೂ ಅಲ್ಲ. ಅಪರಿಚಿತನ ಭುಜ ತಟ್ಟಿ ಮಾತಿಗೆಳೆಯುವ ಧೈರ್ಯವನ್ನು ಅಳೆಯುತ್ತಿದೆ. ಸಂಕೋಚದ ಸ್ವಭಾವದವನಿಗೆ ಇದಕ್ಕಿಂತ ಹಳೆಯ ಸಾಲಿನ ಚಳಿಯೇ ಹಿತವೆನಿಸಿದರೆ ಆಶ್ಚರ್ಯವಿಲ್ಲ.

ಒಂಟಿತನದ ಮೇಲಿನ ಈ ಗುಮಾನಿ ಆ ಊರಿಗೆ ಮಾತ್ರ ಸೇರಿದ್ದಲ್ಲ, ಅದೂ ನಿಜ. ನಮ್ಮಲ್ಲಿ ಒಂಟಿ ಸೀನು ಅಪಶಕುನ. ಕ್ಷೇತ್ರಗಳಿಗೆ ಹೋದರೆ ಎಷ್ಟೋ ವಸತಿಗೃಹಗಳಲ್ಲಿ ಒಬ್ಬರಿಗೆ ಕೋಣೆ ಕೊಡುವುದಿಲ್ಲ. ಹೊಟ್ಟೆತುಂಬ ಉಂಡು ಒಬ್ಬಳೇ ಸುಖವಾಗಿ ಊರು ಸುತ್ತಿ ಬಂದ ಹೆಂಗಸನ್ನು ನಾವು ಮೊದಲು ಕೇಳುವುದು, “ಒಬ್ಬರೇನಾ?” ಎಂದೇ. ಆದರೆ ಗಾಲ್ಫು ಎಲ್ಲ ಆಟಗಳಿಗಿಂತ ಹೆಚ್ಚಾಗಿ ಒಂಟಿಯವನ ಆಟ. ಎದುರಾಳಿ ಚೆಂಡು ಎಸೆಯುವುದಿಲ್ಲ, ಬಲೆಯಾಚೆಯಿಂದ ಹಿಂದಿರುಗಿಸುವುದಿಲ್ಲ. ನೆಲ, ಗಾಳಿ, ಕೈಯ ನಡುಕ, ಇವುಗಳೊಂದಿಗೇ ಹೋರಾಟ. ಇಂಥ ಆಟದ ತವರಿನಲ್ಲಿ ಒಬ್ಬನನ್ನು ಅರ್ಧ ಮನುಷ್ಯನೆಂದು ಎಣಿಸುವುದು ನನಗೆ ಅರ್ಥವಾಗದ ಸಂಗತಿ.

ಹಿಂದೆ ಇದಕ್ಕೊಂದು ಶಾಸ್ತ್ರಾಧಾರವಿತ್ತು. ಗಾಲ್ಫಿನ ನಿಯಮ ಪುಸ್ತಕದ ಶಿಷ್ಟಾಚಾರದ ಭಾಗದಲ್ಲಿ, ಒಂಟಿ ಆಟಗಾರನಿಗೆ ಬಯಲಿನ ಮೇಲೆ ಯಾವ ಸ್ಥಾನವೂ ಇಲ್ಲ, ಅವನು ಎಲ್ಲ ತಂಡಗಳಿಗೂ ದಾರಿ ಬಿಟ್ಟುಕೊಡಬೇಕು ಎಂಬ ಅರ್ಥದ ಮಾತಿತ್ತು. ೨೦೦೪ರಲ್ಲಿ ಅದನ್ನು ತೆಗೆದುಹಾಕಿದರು. ಯಾರು ಬೇಗ ಆಡುತ್ತಾರೋ ಅವರಿಗೆ ದಾರಿ, ತಂಡವೆಂದರೆ ಒಬ್ಬನೇ ಇರುವ ತಂಡವೂ ಸೇರಿದೆ, ಎಂದು ಹೊಸದಾಗಿ ಬರೆದರು. ಹಾಗೆ ಬರೆದವರಲ್ಲೊಂದಾದ ಸಂಸ್ಥೆಯ ಕಚೇರಿ ಇರುವುದು ಬೇರೆಲ್ಲೂ ಅಲ್ಲ, ಸೇಂಟ್ ಆಂಡ್ರೂಸಿನಲ್ಲಿಯೇ. ಕಿಟಕಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರೂ ಚೀಟಿಯ ಪೆಟ್ಟಿಗೆಗೆ ಆ ಸುದ್ದಿ ಇಷ್ಟು ವರ್ಷವಾದರೂ ತಲಪಲಿಲ್ಲ!

ಕೊನೆಯದಾಗಿ ಇಬ್ಬರು ಗೆಳೆಯರ ಪರವಾದ ವಾದ. ದೂರದಿಂದ ಬಂದು, ಜೀವಮಾನಕ್ಕೊಮ್ಮೆ ಆಡುವ ಅಪ್ಪ-ಮಗನ ನಡುವೆ ಮೂರನೆಯವನೊಬ್ಬನನ್ನು ತಂದು ನಿಲ್ಲಿಸುವುದು ಸರಿಯೆ? ಭಾವುಕರಿಗೆ ಈ ಮಾತು ತಾಗುತ್ತದೆ, ನನಗೂ ತಾಗಿತು. ಆದರೆ ಹೀಗೆ ತಂದು ನಿಲ್ಲಿಸುವುದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಸಾಲಿದ್ದಾಗಲೂ ಅದೇ ನಡೆಯುತ್ತಿತ್ತು, ಈಗಲೂ ಅದೇ ನಡೆಯುತ್ತದೆ. ಮೂರನೆಯವನು ಹೇಗೂ ಬರುತ್ತಾನೆ. ಅವನು ಎರಡು ದಿನ ಮುಂಚೆ ತಿಳಿದು, ನಿದ್ದೆ ಮಾಡಿ, ಮುಖ ತೊಳೆದು ಬರಲಿ ಎಂಬುದಷ್ಟೇ ನನ್ನ ಬೇಡಿಕೆ. ಊರಿನವರಿಗಾಗಿ ಮೀಸಲಿಟ್ಟ ವೇಳೆಗಳ ತಂಟೆಗೂ ನಾನು ಹೋಗುವುದಿಲ್ಲ. ಮೊಲಗಳ ವಿರುದ್ಧ ಹೋರಾಡಿದವರು ಅವರ ಮುತ್ತಜ್ಜಂದಿರು; ಆ ಮೀಸಲು ಅವರಿಗೆ ಸಲ್ಲಬೇಕಾದುದೇ.

ಇದಕ್ಕೆ ಪಾರ್ಲಿಮೆಂಟಿನ ಇನ್ನೊಂದು ಕಾಯಿದೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಅರ್ಜಿಯ ನಮೂನೆಯಲ್ಲಿ ಕನಿಷ್ಠ ಇಬ್ಬರು ಎಂಬುದನ್ನು ಹೊಡೆದುಹಾಕಿ ಒಬ್ಬರು ಎಂದು ಬರೆದು, ಒಂದೇ ಒಂದು ಬೇಸಿಗೆ ನಡೆಸಿ ನೋಡಲಿ. ಹಿಂದಿನ ಬೇಸಿಗೆಗಿಂತ ಎಷ್ಟು ಜಾಗ ಹೆಚ್ಚಾಗಿ ಖಾಲಿ ಉಳಿದುವೆಂದು ಚಳಿಗಾಲದಲ್ಲಿ ಲೆಕ್ಕ ಮಾಡಿ, ಆ ಸಂಖ್ಯೆಯನ್ನು ಪೆವಿಲಿಯನ್ನಿನ ಬಾಗಿಲಿಗೆ ಅಂಟಿಸಲಿ.