ಹೊಂಗೆಯ ಸೊಪ್ಪು ಸವರುವ ವಿಚಾರ

ಗದ್ದೆಗೆ ಹಸಿರುಗೊಬ್ಬರವು ಬೇಕಾದಾಗ ಬದುವಿನ ಹೊಂಗೆಯನ್ನು ಬೋಳಾಗಿ ಸವರುವ ವಾಡಿಕೆಯು ನಮ್ಮ ಗ್ರಾಮಗಳಲ್ಲುಂಟು. ಸವರಿದ ಮೇಲೆ ದಪ್ಪ ಕೊನರುಗಳು ಅಗಲವಾದ ಎಲೆಗಳೊಡನೆ ನೀಳವಾಗಿ ಹೊರಡುವುದನ್ನು ಕಂಡು, ಸವರಿದಷ್ಟೂ ಮರವು ಪುಷ್ಟಿಗೊಳ್ಳುವುದೆಂದು ಭೂಮಾಲೀಕರು ಹಲವರು ಭಾವಿಸುತ್ತಾರೆ. ಈ ಭಾವನೆಯು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಚಿಗುರಿನಲ್ಲಿ ಎಲೆಗೂ ಕಾಂಡಕ್ಕೂ ಒಂದು ಲೆಕ್ಕವುಂಟು. ಆಹಾರವನ್ನು ತಯಾರಿಸತಕ್ಕದ್ದು ಎಲೆ. ಅದಕ್ಕೆ ನೀರನ್ನೊದಗಿಸಿ ಭಾರವನ್ನು ಹೊರತಕ್ಕದ್ದು ಕಾಂಡ. ತೇಗದ ಅಗಲವಾದ ಎಲೆಗೆ ದಪ್ಪ ಕಡ್ಡಿಯೂ ಹುಣಿಸೆಯ ಸಣ್ಣ ಎಲೆಗೆ ಸಪೂರವಾದ ಕಡ್ಡಿಯೂ ಇರುವುದನ್ನು ನೋಡಿರಿ. ಸಸ್ಯಶಾಸ್ತ್ರಜ್ಞರಾದ ಕಾರ್ನರ್ ಎಂಬವರು 1949ರಲ್ಲಿ ಈ ನಿಯಮವನ್ನು ಬರೆದರು. ಎಲೆಯ ಮೊತ್ತಕ್ಕೆ ತಕ್ಕಷ್ಟು ಕಾಂಡದ ಅಡ್ಡಗಾತ್ರವು ಬೇಕೆಂದು ಜಪಾನಿನ ಶಿನೊಜಾಕಿ ಮೊದಲಾದವರು 1964ರಲ್ಲಿ ಪ್ರತಿಪಾದಿಸಿದರು.

ಬೋಳಾದ ಮರದಲ್ಲಿ ಎಲೆಯೇ ಇಲ್ಲದಿರುವಾಗ ಹೊಸ ಕೊನರು ಯಾವುದರಿಂದ ಬಂದೀತು? ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಹಿಟ್ಟಿನಿಂದ. ಮರವು ತನ್ನ ಗಂಟನ್ನು ಕರಗಿಸಿ ಎಲೆಯನ್ನೂ ಕಾಂಡವನ್ನೂ ಒಟ್ಟಿಗೆ ಕಟ್ಟಬೇಕು. ಆ ಗಂಟು ಮತ್ತೆ ಕೂಡುವ ಮೊದಲೇ ಕತ್ತಿ ಬಿದ್ದರೆ, ಬರಬರುತ್ತ ಕೊನರು ಸಣಕಲಾಗುವುದು. ಕಾಯಿಯ ಆಸೆಯನ್ನಂತೂ ಬಿಡಬೇಕು.

ಮೇಲಾಗಿ, ಬಲಿತ ಕಡ್ಡಿಯು ನಾಟಿಯ ವೇಳೆಗೆ ಕೆಸರಿನಲ್ಲಿ ಕೊಳೆಯದು. ನಾಟಿಯವರ ಕಾಲಿಗೆ ಚುಚ್ಚುವುದು. ಆದುದರಿಂದ ನೆತ್ತಿಯನ್ನು ಮುಟ್ಟದೆ, ಅರ್ಧಕ್ಕಿಂತ ಹೆಚ್ಚು ಸೊಪ್ಪನ್ನು ಮರದಲ್ಲಿಯೇ ಬಿಟ್ಟು, ಎಳೆಯ ರೆಂಬೆಗಳನ್ನು ಮಾತ್ರ ತೆಗೆಯುವುದು ಮೇಲು. ಸವರಿದ ಮರಕ್ಕೆ ಮರುವರ್ಷ ಬಿಡುವು ಕೊಡತಕ್ಕದ್ದು. ಗುಂಡುತೋಪಿನ ಮರಗಳಿಗೆ ಗ್ರಾಮದ ಮುಖಂಡರೇ ಸರದಿಯನ್ನು ಗೊತ್ತುಮಾಡಬೇಕು; ಅಲ್ಲಿ ಒಬ್ಬರು ಬಿಟ್ಟ ರೆಂಬೆಯನ್ನು ಮರುದಿನವೇ ಇನ್ನೊಬ್ಬರು ಸವರುತ್ತಾರೆ.