ಫಿಟ್ಸ್ ಕಾಯಿಲೆಗೆ ಹೋಬಳಿ ಮಟ್ಟದಲ್ಲೇ ತರಬೇತಾದ ವೈದ್ಯರು ಬೇಕು: ಹಂಪಾಪುರದಿಂದ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು.

ಮುಖಾಂತರ:
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಮೈಸೂರು.

ಇಂದ,
ಹಂಪಾಪುರ ಹೋಬಳಿಯ ಮೂರ್ಛೆರೋಗಿಗಳು, ಅವರ ಕುಟುಂಬದವರು ಹಾಗೂ ಗ್ರಾಮಸ್ಥರು,
ಎಚ್.ಡಿ. ಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ.

ವಿಷಯ: ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರ ತಾಲ್ಲೂಕುಗಳ ಸರ್ಕಾರಿ ವೈದ್ಯರಿಗೆ ಅಪಸ್ಮಾರ (ಮೂರ್ಛೆರೋಗ, ಫಿಟ್ಸ್ ಕಾಯಿಲೆ) ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ನೀಡುವ ಬಗ್ಗೆ.

ಮಾನ್ಯರೇ,

ರಾಷ್ಟ್ರೀಯ ಅಪಸ್ಮಾರ ದಿನವಾದ ನವೆಂಬರ್ 17ರಂದು ಈ ಮನವಿಯನ್ನು ತಮ್ಮ ಮುಂದೆ ಇಡುತ್ತಿದ್ದೇವೆ. ಪ್ರತಿ ತಾಲ್ಲೂಕಿಗೂ ಒಬ್ಬ ನರರೋಗ ತಜ್ಞರನ್ನು ಕೊಡಿ ಎಂದು ನಾವು ಕೇಳುತ್ತಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ, ಎಂ.ಡಿ. ಮಾಡಿ, ಅದರ ಮೇಲೆ ಮೂರು ವರ್ಷ ನರರೋಗಶಾಸ್ತ್ರದಲ್ಲಿ ಡಿ.ಎಂ. ಓದಿ ಬರುವವರು ರಾಜ್ಯದಲ್ಲೇ ಕಡಿಮೆ ಎಂಬುದು ನಮಗೆ ತಿಳಿದಿದೆ. ಈಗಾಗಲೇ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕೂತಿರುವ ವೈದ್ಯರ ಕೈಗೆ ಅಪಸ್ಮಾರ ಚಿಕಿತ್ಸೆಯ ವಿದ್ಯೆ ಬರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ನಿಮ್ಹಾನ್ಸ್ ತಜ್ಞರು ಬೆಂಗಳೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಅಪಸ್ಮಾರವಿದ್ದರೆ ಹಳ್ಳಿಗಳಲ್ಲಿ 11.9 ಮಂದಿಗಿದೆ. 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಸರ್ಕಾರದ ಮಾನದಂಡಕ್ಕೆ ಈ ಲೆಕ್ಕ ಹಾಕಿದರೆ, ಒಂದೊಂದು ಕೇಂದ್ರದ ವ್ಯಾಪ್ತಿಯಲ್ಲಿ ಸುಮಾರು 350 ರೋಗಿಗಳಿರಬೇಕು. ರೋಗ ಹಳ್ಳಿಯಲ್ಲಿ ಹೆಚ್ಚು, ತಜ್ಞರು ನಗರದಲ್ಲಿ ಹೆಚ್ಚು. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರಬೇಕು. ಹಾಡಿಗಳ ಜೇನುಕುರುಬ, ಕಾಡುಕುರುಬ ಕುಟುಂಬಗಳಿಗಂತೂ ಇದು ಇನ್ನೂ ಕಷ್ಟ. ಎರಡು ಸಲ ಹೋದವರು ಮೂರನೆಯ ಸಲ ಹೋಗುವುದಿಲ್ಲ. ಮಾತ್ರೆ ನಿಲ್ಲುತ್ತದೆ, ಫಿಟ್ಸ್ ಮರಳುತ್ತದೆ. ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿ, ಸೌದೆ ಒಲೆ, ಕೆರೆ, ಕಾಲುವೆಗಳ ನಡುವೆ ದುಡಿಯುವವರಿಗೆ ಒಂದೇ ಒಂದು ಫಿಟ್ಸ್ ಜೀವಕ್ಕೆ ಎರವಾಗಬಹುದು.

ಸರಿಯಾಗಿ ಪತ್ತೆ ಹಚ್ಚಿ ಔಷಧ ಕೊಟ್ಟರೆ ಶೇ. 70ರಷ್ಟು ರೋಗಿಗಳು ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದನ್ನು ಹಳ್ಳಿಯಲ್ಲೇ ಮಾಡಬಹುದು ಎಂಬುದಕ್ಕೆ ಪುರಾವೆ ದೂರದಲ್ಲಿಲ್ಲ. ಹಿಂದೆ ನಮ್ಮದೇ ಜಿಲ್ಲೆಯಲ್ಲಿದ್ದ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ಫೆನೊಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಗ್ರಾಮೀಣ ರೋಗಿಗಳ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿತು. ಅದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಕೂಡ ಪ್ರಾಥಮಿಕ ಹಂತದ ವೈದ್ಯರಿಗೆ ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳಲ್ಲಿ ತರಬೇತಿ ಕೊಡುವ ಯೋಜನೆಯೇ. ಅದರ ಪೂರ್ಣ ಪ್ರಯೋಜನ ಹೋಬಳಿಯವರೆಗೆ ಇಳಿಯಬೇಕು.

ಒಂದು ದಿನದ ಕಾರ್ಯಾಗಾರದಿಂದ ಈ ವಿದ್ಯೆ ಬರುವುದಿಲ್ಲ. ಬಿದ್ದವರೆಲ್ಲರದೂ ಅಪಸ್ಮಾರವಲ್ಲ, ತಲೆಸುತ್ತಿ ಬೀಳುವುದು, ಮಾನಸಿಕ ಒತ್ತಡದಿಂದ ಬರುವ ಫಿಟ್ಸ್ ಬೇರೆ. ಇ.ಇ.ಜಿ. ಸರಿಯಿದ್ದ ಮಾತ್ರಕ್ಕೆ ಅಪಸ್ಮಾರ ಇಲ್ಲವೆನ್ನಲಾಗದು. ಕಣ್ಣಾರೆ ಕಂಡವರ ಮಾತು ಮತ್ತು ಮೊಬೈಲ್‌ನಲ್ಲಿ ಹಿಡಿದ ವಿಡಿಯೊದಿಂದ ರೋಗ ಗುರುತಿಸುವುದನ್ನು ವೈದ್ಯರು ಕಲಿಯಬೇಕು. ಹಳೆ ಮೈಸೂರು ಸೀಮೆಯಲ್ಲಿ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ಬೇರೆಡೆಗಿಂತ ಹೆಚ್ಚು. ಇಂಥವರಲ್ಲಿ ಅನೇಕರಿಗೆ ನೀರಿನ ಬಿಸಿ ತಗ್ಗಿಸಿ, ಸ್ನಾನಕ್ಕೆ ಮೊದಲು ವೈದ್ಯರು ಹೇಳಿದ ಮಾತ್ರೆ ನುಂಗಿದರೆ ಸಾಕಾಗುತ್ತದೆ. ಇದನ್ನು ತಿಳಿದ ವೈದ್ಯರು ನಮ್ಮ ಭಾಗಕ್ಕೆ ಬೇಕೇಬೇಕು. ವ್ಯಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಫೆನಿಟಾಯಿನ್, ಕಾರ್ಬಮಜೆಪಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಿಸುತ್ತವೆ. ಮದುವೆ ವಯಸ್ಸಿನ ಹೆಣ್ಣುಮಗಳಿಗೆ ಚೀಟಿ ಬರೆಯುವವರಿಗೆ ಇವೆರಡೂ ಗೊತ್ತಿರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇಂತಿವೆ:

1. ನಾಲ್ಕೂ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಹಾಗೂ ಸಮುದಾಯ ಆರೋಗ್ಯ ಕೇಂದ್ರದಿಂದ ಕನಿಷ್ಠ ಒಬ್ಬ ವೈದ್ಯರಿಗೆ, ರೋಗಿಗಳನ್ನು ನೋಡುತ್ತಲೇ ಕಲಿಯುವ ಅಪಸ್ಮಾರ ತರಬೇತಿ ಕೊಡಿಸಬೇಕು. ಬಳಿಕವೂ ಪ್ರತಿ ತಿಂಗಳು ಆನ್‌ಲೈನ್‌ನಲ್ಲಿ ನಿಮ್ಹಾನ್ಸ್ ತಜ್ಞರೊಂದಿಗೆ ಕಷ್ಟದ ಪ್ರಕರಣಗಳನ್ನು ಚರ್ಚಿಸುವ ಏರ್ಪಾಟಿರಬೇಕು.

2. ತರಬೇತಾದ ವೈದ್ಯರ ವರ್ಗಾವಣೆಯಾದರೆ, ಅವರ ಜಾಗಕ್ಕೆ ಬರುವವರಿಗೆ ಮೂರು ತಿಂಗಳೊಳಗೆ ಅದೇ ತರಬೇತಿ ಸಿಗಬೇಕು.

3. ಸೇವೆಯಲ್ಲಿರುವ ಸರ್ಕಾರಿ ತಜ್ಞ ವೈದ್ಯರನ್ನು ಡಿ.ಎಂ. ನರರೋಗಶಾಸ್ತ್ರ ಹಾಗೂ ಅಪಸ್ಮಾರ ಫೆಲೋಶಿಪ್ ವ್ಯಾಸಂಗಕ್ಕೆ ನಿಯೋಜಿಸಿ, ನಂತರ ನಿಗದಿತ ಅವಧಿಗೆ ಮೈಸೂರು ಜಿಲ್ಲೆಯಲ್ಲೇ ಸೇವೆ ಸಲ್ಲಿಸುವ ಷರತ್ತು ವಿಧಿಸಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯನ್ನು ಈ ಭಾಗದ ತರಬೇತಿ ಕೇಂದ್ರವಾಗಿ ಬೆಳೆಸಬೇಕು.

4. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವಂತೆ, ತಿಂಗಳಿಗೊಂದು ದಿನ ಅಪಸ್ಮಾರ ಕ್ಲಿನಿಕ್ ನಡೆಸಬೇಕು.

5. ಫಿಟ್ಸ್ ಮಾತ್ರೆಗಳು ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಉಚಿತವಾಗಿ ಸಿಗಬೇಕು. ಸ್ಥಿರವಾಗಿರುವ ರೋಗಿಗೆ ಒಮ್ಮೆಗೆ ಎರಡು ತಿಂಗಳ ಮಾತ್ರೆ ಕೊಡಬೇಕು. ಔಷಧವಿಲ್ಲದಿದ್ದರೆ ತರಬೇತಿ ವ್ಯರ್ಥ.

6. ಐದು ನಿಮಿಷ ಮೀರಿದ ಫಿಟ್ಸ್ ತುರ್ತುಸ್ಥಿತಿ. ಅದನ್ನು ನಿಲ್ಲಿಸುವ ಮಿಡಜೋಲಮ್ 108 ಆಂಬ್ಯುಲೆನ್ಸ್‌ಗಳಲ್ಲೂ ಆರೋಗ್ಯ ಕೇಂದ್ರಗಳಲ್ಲೂ ಇರಬೇಕು. ಸಿಬ್ಬಂದಿಗೆ ಬಳಸುವ ತರಬೇತಿ ಕೊಡಬೇಕು.

7. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಶಿಕ್ಷಕರಿಗೆ ಪ್ರಥಮ ಚಿಕಿತ್ಸೆ ಕಲಿಸಬೇಕು. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಇನ್ನೂ ನಿಂತಿಲ್ಲ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಎಷ್ಟು ಹೊತ್ತಾಯಿತೆಂದು ಗಮನಿಸಬೇಕೆಂಬುದು ಪ್ರತಿ ಮನೆಗೂ ತಿಳಿಯಬೇಕು.

ಅಪಸ್ಮಾರವನ್ನು ವಿವಾಹ ಅನೂರ್ಜಿತಗೊಳಿಸುವ ಕಾರಣಗಳ ಪಟ್ಟಿಯಿಂದ ಸಂಸತ್ತು 1999ರಲ್ಲೇ ತೆಗೆದುಹಾಕಿತು. ಊರಿನ ಮನಸ್ಸಿನಿಂದ ಆ ಕಳಂಕ ಹೋಗಬೇಕಾದರೆ, ಫಿಟ್ಸ್ ಹತೋಟಿಗೆ ಬಂದ ರೋಗಿ ಜನರ ಕಣ್ಣೆದುರು ದುಡಿದು ಬದುಕಬೇಕು. ಅದು ತರಬೇತಾದ ವೈದ್ಯರಿಂದ ಮಾತ್ರ ಸಾಧ್ಯ.

ಮೇಲಿನ ಬೇಡಿಕೆಗಳನ್ನು ಪರಿಶೀಲಿಸಿ, ಯಾವ ಬೇಡಿಕೆ ಎಂದಿಗೆ ಈಡೇರುತ್ತದೆ ಎಂಬ ಕಾಲಮಿತಿಯನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ಸ್ಥಳ: ಹಂಪಾಪುರ

ಇಂತಿ ತಮ್ಮ ವಿಶ್ವಾಸಿಗಳು,
ಹಂಪಾಪುರ ಹೋಬಳಿಯ ಮೂರ್ಛೆರೋಗಿಗಳು, ಕುಟುಂಬದವರು ಹಾಗೂ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು:
ಜಿಲ್ಲಾಧಿಕಾರಿಗಳು, ಮೈಸೂರು
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಮೈಸೂರು
ತಾಲ್ಲೂಕು ಆರೋಗ್ಯಾಧಿಕಾರಿಗಳು, ಎಚ್.ಡಿ. ಕೋಟೆ